ಯಾಕೆ ಬಿಟ್ಟಳು ಎಂಬ ಕಾಲಂ

೩ ಜೂನ್ ೨೦೦೮, ಮಂಗಳವಾರ

ಕಾಲೇಜಿನಲ್ಲಿ ಕವಿತೆ ಪಾಠ ಮುಗಿಸಿ, ಸರ್ವೆ ಸಂಸ್ಥೆಯ ಕೆಲಸಕ್ಕೆ ಬಂದು ಮಾನಿಟರ್ ಒರೆಸಿದೆ. ಅದಿರಿನ ಧೂಳಿಗೆ ಬಟ್ಟೆ ಕೆಂಪು. ದಿನಾ ಕೆಂಪು.

ಮ್ಯಾಚಿಂಗ್ ಮುಗಿಯಿತು. ಕುರುಗೋಡು ಕಡೆ ಅದಿರು ಲಾರಿ ಓಡುವ ಊರುಗಳ ಇನ್ನೂರ ಹನ್ನೆರಡು ಹೆಂಗಸರು. ಒಬ್ಬೊಬ್ಬಳಿಗೂ ಸಿರುಗುಪ್ಪ ಕಡೆಯಿಂದ, ಲಾರಿ ಇಲ್ಲದ ಊರಿನಿಂದ, ಅವಳಂಥವಳೇ ಒಬ್ಬಳನ್ನು ಸಾಫ್ಟ್‌ವೇರ್ ಹುಡುಕಿ ಕೊಟ್ಟಿದೆ. ವಯಸ್ಸು, ಎತ್ತರ, ಮನೆ, ಒಲೆ, ಓದು, ಈಗ ಕೂಲಿಗೆ ಹೋಗುತ್ತಾಳೋ ಇಲ್ಲವೋ. ಆಮೇಲೆ ಇಬ್ಬರ ಉಸಿರು ಹೋಲಿಸುವುದು. ಕೊಳವೆಯಲ್ಲಿ ಜೋರಾಗಿ ಊದಿದಾಗ ಮುಳ್ಳು ಎಲ್ಲಿ ನಿಂತಿತು ಅಂತ. ಬೇರೆಲ್ಲ ಸಮ ಇದ್ದರೆ ಉಳಿದ ವ್ಯತ್ಯಾಸ ಧೂಳಿನದು.

ಸರಾಸರಿ ವ್ಯತ್ಯಾಸ ನಿಮಿಷಕ್ಕೆ ನಾಲ್ಕೇ ಲೀಟರ್. ಅಂದರೆ ಏನೂ ಇಲ್ಲ.

ಆಶ್ಚರ್ಯ. ಆದರೆ ಎರಡು ಕಡೆಯವರು ಎಷ್ಟು ಸಮ ಅಂತ ತೋರಿಸುವ ಬ್ಯಾಲೆನ್ಸ್ ಟೇಬಲ್ ಎಷ್ಟು ಚಂದ! ಎಲ್ಲ ಸಾಲಿಗೂ ಪ್ರಾಸ ಕೂಡಿದ ಹಾಗೆ. ಕುರುಗೋಡು ಕಡೆಯ ನಲವತ್ತಾರನೇ ನಂಬರಿನವಳಿಗೂ ಸಿರುಗುಪ್ಪ ಕಡೆಯ ಮುನ್ನೂರ ಹನ್ನೊಂದರವಳಿಗೂ ನಡುವೆ ಲೆಕ್ಕದಲ್ಲಿ ದೂರ ಸೊನ್ನೆ. ಸಹಿ ಹಾಕಿ ಕೊಟ್ಟೆ. ಸರ್ವೆ ಸಂಸ್ಥೆಯ ನಿರ್ದೇಶಕ ಸಿದ್ದಲಿಂಗೇಶ್ ಹಾಳೆ ಹಿಡಿದು ನಕ್ಕರು. "ಹಿಂಗಿರಬೇಕ್ ನೋಡ್ರಿ ಅಂಜನಾ ಮೇಡಂ, ಕೆಲಸ ಅಂದ್ರ."

ಇಪ್ಪತ್ತಾರಕ್ಕೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಸಭೆ. ಲಾರಿಗಳನ್ನು ಊರ ಹೊರಗೆ ತಿರುಗಿಸಬೇಕೋ ಬೇಡವೋ... ಈ ವರದಿ ನೋಡಿಯೇ ತೀರ್ಮಾನ.

೭ ಜೂನ್, ಶನಿವಾರ

ಸಿರುಗುಪ್ಪ. ಮುನ್ನೂರ ಹನ್ನೊಂದರ ಒಪ್ಪಿಗೆ ಪತ್ರದಲ್ಲಿ ಹೆಬ್ಬೆಟ್ಟು ಇರಲಿಲ್ಲ, ಹಾಕಿಸಿಕೊಳ್ಳಲು ಹೋದೆ. ಬಾನುಬೀ. ಅಕ್ಕಿ ಮಿಲ್ಲಿನಲ್ಲಿ ಮೂವತ್ತು ವರ್ಷ ತೌಡಿನ ಧೂಳು ಕುಡಿದ ಎದೆ. ಕೆಲಸ ಬಿಟ್ಟಿದ್ದಾಳೆ.

"ನನ್ನ ಉಸುರು ತಗಂಡು ಏನ್ ಮಾಡ್ತೀರಮ್ಮಾ?"

ಹೆಸರು ಹೇಳದೆ ವಿವರಿಸಿದೆ. ಕುರುಗೋಡು ಕಡೆ ಇವಳಂಥವಳೇ ಒಬ್ಬಳಿದ್ದಾಳೆ, ಅವಳೂ ಕೂಲಿಗೆ ಹೋಗುವುದಿಲ್ಲ, ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇವೆ ಅಂತ.

"ಅಕೀನೂ ಮಿಲ್ಲಿನಾಕೇನು?"

"ಅಲ್ಲ."

"ಮತ್ತ ಯಾಕ ಬಿಟ್ಟಾಳ ಕೂಲಿ?"

"ಗೊತ್ತಿಲ್ಲವ್ವ. ಹಾಳ್ಯಾಗ ಅದನ್ನ ಕೇಳಿಲ್ಲ."

"ಎತ್ರ ಕೇಳೀರಿ, ಒಲಿ ಕೇಳೀರಿ, ಎಮ್ಮಿ ಎಷ್ಟು ಅಂತ ಕೇಳೀರಿ. ಇದೊಂದು ಕೇಳಾಕ ಬಾಯಿ ಬರಲಿಲ್ಲೇನು? ಭಾಳ ಶ್ಯಾಣೇರು ಬಿಡ್ರಿ ಓದಿದವ್ರು!"

ನಕ್ಕಳು. ನಗು ಕೆಮ್ಮಾಯಿತು. ನೀರು ಕೊಟ್ಟು ಬೆನ್ನು ಸವರಿದೆ.

ಬಸ್ಸಿನಲ್ಲಿ ಕವಿತೆಯ ಪುಸ್ತಕ ತೆರೆದೇ ಇತ್ತು. ಒಂದು ಸಾಲೂ ಓದಲಿಲ್ಲ.

೮ ಜೂನ್, ಭಾನುವಾರ

ನಲವತ್ತಾರನೇ ನಂಬರು, ಹುಲುಗಮ್ಮ. ಕುರುಗೋಡಿನಿಂದ ಆಟೋದಲ್ಲಿ ಹೋದೆ. ಮನೆ ರಸ್ತೆಗೇ ಅಂಟಿದೆ. ಮಾತಿನ ನಡುವೆ ಎಂಟು ಲಾರಿ ಹೋದವು. ಪ್ರತಿ ಸಲ ಸೆರಗು ಬಾಯಿಗೆ.

"ಹತ್ತಿ ಬಿಡಸೋದ್ರಾಗ ನನ್ನ ಹಿಂದ ಹಾಕೋರು ಯಾರೂ ಇದ್ದಿಲ್ರಿ. ಈಗ ಎರಡು ಸಾಲು ಹೋಗೂದ್ರಾಗ ಎದಿ ಕಟ್ಟತೈತಿ. ಅದಕ್ಕ ಬಿಟ್ಟೀನಿ."

"ಯಾವಾಗಿಂದ?"

"ಲಾರಿ ಸುರು ಆದ ಮುಂದಿನ ಸುಗ್ಗಿಗೇ."

ಅಲ್ಲೇ ಕಟ್ಟೆಯ ಮೇಲೆ ಕೂತು ಅದನ್ನು ಬರೆದುಕೊಂಡೆ.

ಕೂಲಿ ಬಿಡಿಸಿದ್ದೇ ಧೂಳು. ಅದನ್ನೂ 'ಸಮ' ಮಾಡು ಅಂತ ಸಾಫ್ಟ್‌ವೇರಿಗೆ ಹೇಳಿದ್ದು ನಾನು. ಅದು ಹೇಳಿದಷ್ಟು ಮಾಡಿತು. ಧೂಳಿನಿಂದ ಕುಂದಿದವಳ ಪಕ್ಕಕ್ಕೆ ಮಿಲ್ಲಿನಿಂದ ಕುಂದಿದವಳನ್ನು ತಂದು ಕೂರಿಸಿತು. ಇಬ್ಬರ ಉಸಿರೂ ಒಂದೇ. ವ್ಯತ್ಯಾಸ ಎಲ್ಲಿಂದ ಬರಬೇಕು?

ಪ್ರಾಸಕ್ಕಾಗಿ ಅರ್ಥ ಬಿಟ್ಟುಕೊಟ್ಟ ಕವಿತೆಗಳನ್ನು ತರಗತಿಯ ಹುಡುಗಿಯರ ಮುಂದೆ ಎಷ್ಟು ಸಲ ಬೈದಿದ್ದೇನೆ. ಮಾಡಿದ್ದು ಅದನ್ನೇ.

೯ ಜೂನ್, ಸೋಮವಾರ

ಕೂಲಿಗೆ ಹೋಗುತ್ತಾಳೋ ಇಲ್ಲವೋ ಎಂಬ ಆ ಕಾಲಂ ತೆಗೆದು ಮತ್ತೆ ಓಡಿಸಿದೆ. ವ್ಯತ್ಯಾಸ ಮೂವತ್ತೆಂಟು. ಲಾರಿ ಊರಿನವರ ಉಸಿರು ಅಷ್ಟು ಕಮ್ಮಿ.

ಸಿದ್ದಲಿಂಗೇಶ್ ಹಾಳೆ ಮುಟ್ಟಲಿಲ್ಲ.

"ಬೇಕಾದ ಉತ್ತರ ಬರೋತನಕ ಕಾಲಂ ಕೀಳ್ತೀರೇನ್ ಮೇಡಂ?"

"ಬೇಕಾದ್ದಲ್ಲ ಸರ್. ಸರಿಯಾದ್ದು."

"ಸರಿ ಅಂತ ಯಾರ್ ಹೇಳಬೇಕು? ಒಬ್ಬಾಕಿ ಮಾತು ಕೇಳಿ ಬಂದೀರಿ. ಉಳಿದವ್ರು ಬ್ಯಾರೆ ಕಾರಣಕ್ಕ ಬಿಟ್ಟಿದ್ರ? ಮದ್ಲಿನ ಟೇಬಲ್‌ಗೆ ಸಹಿ ನಿಮ್ದೇ ಐತಲ್ರಿ. ಈಗ ತಪ್ಪು ಅಂದ್ರ ಮುಂದ ನಿಮ್ಮನ್ನ ಯಾರ್ ನಂಬ್ತಾರ? ಮೂರು ವರ್ಷದ ಹೊಸ ಪ್ರಾಜೆಕ್ಟ್ ನಿಮಗಂತ ಇಟ್ಟೀನಿ. ಆರಾಮಿರ್ರಿ."

ವಯಸ್ಸು ನಲವತ್ತೆಂಟಾಯಿತು. ಇನ್ನೂ ಅತಿಥಿ ಉಪನ್ಯಾಸಕಿ. ಆರಾಮ ಅನ್ನುವುದು ಇನ್ನೇನು, ಅದೇ ಪ್ರಾಜೆಕ್ಟು.

ಆದರೆ ಒಂದು ಮಾತು ಅವರು ಸರಿಯಾಗಿ ಕೇಳಿದರು. ಉಳಿದವರು? ಲಾರಿ ದಾರಿಯಲ್ಲಿ ಕೂಲಿ ಬಿಟ್ಟವರು ಒಟ್ಟು ಅರವತ್ನಾಲ್ಕು. ಅರವತ್ಮೂರು ಮನೆ ಬಾಕಿ.

೨೨ ಜೂನ್, ಭಾನುವಾರ

ಮುಗಿಯಿತು. ಕಾಲಿನ ಬೆರಳಿಗೆಲ್ಲ ಗುಳ್ಳೆ. ಎರಡು ಸೀರೆ ಕೆಂಪಾದವು, ಒಗೆದರೂ ಹೋಗುತ್ತಿಲ್ಲ. ಕಾಲೇಜಿನಿಂದ ಎರಡು ಫೋನ್. ಎತ್ತಲಿಲ್ಲ.

ಅರವತ್ನಾಲ್ಕು ಜನರಲ್ಲಿ, ಲಾರಿ ಬಂದ ಮೇಲೆ ಉಸಿರು ಸಾಲದೆ ಬಿಟ್ಟವರು ಐವತ್ತೊಂದು. ಉಳಿದ ಹದಿಮೂರು: ಹೆರಿಗೆ, ಮಂಡಿ, ಮೊಮ್ಮಗ, ಅತ್ತೆಯ ಜಗಳ. ಅವನ್ನೂ ಹಾಗೆಯೇ ಬರೆದುಕೊಂಡಿದ್ದೇನೆ. ಒಂದನ್ನೂ ಮುಚ್ಚಿಡುವುದಿಲ್ಲ.

ಎರಡೂ ಟೇಬಲ್ ಪ್ರಿಂಟ್ ತೆಗೆದೆ. ತಪ್ಪಿನದೂ, ತಿದ್ದಿದ್ದೂ. ಎರಡಕ್ಕೂ ಸಹಿ.

೨೬ ಜೂನ್, ಗುರುವಾರ, ಬೆಳಿಗ್ಗೆ ೧೦.೪೦

ಸಭೆ ಮೇಲಿನ ಮಹಡಿಯಲ್ಲಿ. ಬಾಗಿಲ ಹೊರಗೆ ಬೆಂಚು. ನನ್ನ ಹೆಸರು ಪಟ್ಟಿಯಲ್ಲಿಲ್ಲ. ಇದ್ದರೂ ಇಲ್ಲದಿದ್ದರೂ ಒಳಗೆ ಹೋಗುವವಳೇ.

ಸಿದ್ದಲಿಂಗೇಶ್ ಬಂದರು. ನನ್ನ ಕೈಯ ಹಾಳೆ ನೋಡಿದರು.

"ನಿಮ್ಮ ತಪ್ಪು ನೀವೇ ಸಾರಾಕ ಬಂದೀರೇನ್ ಮೇಡಂ?"

"ಹೂಂ ಸರ್. ಬ್ಯಾರೆಯವ್ರು ಸಾರಿದ್ರ ಅಷ್ಟು ಚಂದ ಇರಂಗಿಲ್ಲ."

ಮೊದಲ ವಾಕ್ಯ ಬರೆದುಕೊಂಡಿದ್ದೇನೆ: 'ಜೂನ್ ಮೂರರ ಕೋಷ್ಟಕ ತಪ್ಪು. ತಪ್ಪು ನನ್ನದು.' ಉಳಿದದ್ದನ್ನು ಹುಲುಗಮ್ಮ ಹೇಳುತ್ತಾಳಂತೆ. ಬಸ್ಸಿಳಿದು ಒಬ್ಬಳೇ ಬಂದಿದ್ದಾಳೆ. ಕೆಳಗೆ ಸಿಕ್ಕಾಗ, "ನನ್ನ ಉಸುರಿನ ಮಾತು ನಾನೇ ಆಡ್ತೀನ್ರಿ," ಅಂದಳು.

ಜವಾನ ಕರೆಯುತ್ತಿದ್ದಾನೆ, ಬೇಗ ಬರ್ರಿ, ಬಾಗಿಲು ಹಾಕಬೇಕು ಅಂತ. ಹುಲುಗಮ್ಮ ಒಂಬತ್ತನೇ ಮೆಟ್ಟಿಲಲ್ಲಿ. ಪಕ್ಕದ ಕಂಬಿ ಹಿಡಿದು ನಿಂತಿದ್ದಾಳೆ. ಇನ್ನೂ ಹನ್ನೊಂದಿವೆ. ನಾನು ಬೆಂಚು ಬಿಟ್ಟು ಹೊಸ್ತಿಲಲ್ಲಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತೇ ಬರೆಯುತ್ತಿದ್ದೇನೆ. ಕಾಯಲಿ. ಲಾರಿಯವರೂ ಕಾಯಲಿ, ಸಾಹೇಬರೂ ಕಾಯಲಿ. ಹತ್ತನೇ ಮೆಟ್ಟಿಲು... ಹನ್ನೊಂದು... ಮತ್ತೆ ನಿಂತಳು. ಅವಳು ಹತ್ತಿ ಬರುವವರೆಗೆ ಈ ಬಾಗಿಲು ಯಾರೂ —