ತಲೆಗಳು ಕತ್ತರಿಸಿಹೋದ ಚಿತ್ರ

ಚಲನಚಿತ್ರ ಕಚೇರಿಯ ಮುಖ್ಯಾಧಿಕಾರಿಗಳೇ,

ನನ್ನ ತಮ್ಮನ ಶ್ರದ್ಧಾಂಜಲಿ ಸಭೆಗೆ ನೀವು ಕಳಿಸಿದ ಆಹ್ವಾನ ತಲುಪಿದೆ. ನಾನು ಬರುವುದಿಲ್ಲ. ಅವನನ್ನು ಹದಿನೇಳು ವರ್ಷ ಬಾಗಿಲಲ್ಲೇ ನಿಲ್ಲಿಸಿದ ನೀವು ಈಗ ನನಗೆ ಮೊದಲ ಸಾಲಿನಲ್ಲಿ ಕುರ್ಚಿ ಕಾದಿರಿಸಿದ್ದೀರಿ. ಅದರಲ್ಲಿ ನೀವೇ ಕೂತುಕೊಳ್ಳಿ. ಕೂರುವುದು ನಿಮಗೆ ಚೆನ್ನಾಗಿ ರೂಢಿಯಿದೆ.

ನಾನು ಹೆಚ್ಚು ಓದಿದವಳಲ್ಲ. ಬಟ್ಟೆ ಹೊಲಿಯುತ್ತೇನೆ, ದಿನಚರಿ ಬರೆಯುತ್ತೇನೆ. ಗಡಿ ದಾಟಿ ಬಂದಾಗ ನನಗೆ ಹದಿನಾಲ್ಕು, ತಮ್ಮನಿಗೆ ಆರು. ಅಮ್ಮ ನಿರಾಶ್ರಿತರ ಶಿಬಿರದಲ್ಲಿ ಅಂಗಿಗಳಿಗೆ ಗುಂಡಿ ಹೊಲಿದು ನಮ್ಮನ್ನು ಸಾಕಿದಳು. ನನ್ನ ತಮ್ಮ ಯಾರ್ಯಾರದೋ ಮದುವೆಗಳ ವಿಡಿಯೋ ತೆಗೆಯುತ್ತಾ ಕ್ಯಾಮೆರಾ ಕಲಿತ, ಯಾರ ಹಂಗೂ ಇಲ್ಲದೆ ನಾಲ್ಕು ಚಿತ್ರ ಮಾಡಿದ. ಮೊದಲನೆಯದನ್ನು ನಿಮ್ಮ ಚಿತ್ರೋತ್ಸವಕ್ಕೆ ಕೊಟ್ಟಾಗ, ನಿರ್ದೇಶಕ ಇಲ್ಲಿಯವನಲ್ಲ ಎಂದು ವಿದೇಶಿ ವಿಭಾಗಕ್ಕೆ ತಳ್ಳಿದಿರಿ. ಆ ವಿಭಾಗದವರು ಅವನ ದೇಶದ ಸರ್ಕಾರದ ಶಿಫಾರಸು ಕೇಳಿದರು. ಯಾರ ಕೈಯಿಂದ ಜೀವ ಉಳಿಸಿಕೊಂಡು ಓಡಿಬಂದೆವೋ ಅವರದೇ ಶಿಫಾರಸು! ಇಂಥ ಬುದ್ಧಿ ಒಬ್ಬರಿಗೇ ಹೊಳೆದಿರಲಾರದು, ಸಮಿತಿಯೇ ಕೂತಿರಬೇಕು.

ಎರಡನೆಯದು ಶಿಬಿರದ ಹೆಂಗಸರದ್ದು. ಅದರಲ್ಲಿ ಒಂದೂ ಮುಖವಿಲ್ಲ. ಗುರುತು ಸಿಕ್ಕರೆ ಗಡಿಯಾಚೆ ಉಳಿದ ಅಣ್ಣನನ್ನೋ ಅಪ್ಪನನ್ನೋ ಎಳೆದೊಯ್ಯುತ್ತಾರೆಂದು ಎಲ್ಲರಿಗೂ ಭಯ. ಹಾಗಾಗಿ ತಮ್ಮ ನನ್ನ ಅಳತೆಪಟ್ಟಿ ಹಿಡಿದು ಪ್ರತಿಯೊಬ್ಬಳ ಭುಜದ ಎತ್ತರ ಅಳೆದು, ಅದಕ್ಕಿಂತ ಮೇಲೆ ಏನೂ ಕಾಣದಂತೆ ಕ್ಯಾಮೆರಾ ನಿಲ್ಲಿಸುತ್ತಿದ್ದ. "ಅಳತೆ ತಗೊಂಡ್ಯಲ್ಲ, ಅಂಗಿ ಯಾವತ್ತು ಕೊಡ್ತೀಯೋ?" ಎಂದು ಹೆಂಗಸರು ರೇಗಿಸುತ್ತಿದ್ದರು.

ನಿಮ್ಮ ಸಮಿತಿ ಬರೆದದ್ದು ಇಷ್ಟು: "ಛಾಯಾಗ್ರಹಣ ದೋಷಪೂರಿತ. ತಲೆಗಳು ಕತ್ತರಿಸಿಹೋಗಿವೆ." ಅವನು ಕಾರಣ ಹೇಳಲು ಹೋದ ದಿನ ನಾನೂ ಜೊತೆಗಿದ್ದೆ.

"ಒಂದು ಮುಖ ತೋರ್ಸೋಕೆ ಏನಪ್ಪಾ ಕಷ್ಟ ನಿಂಗೆ?" ಎಂದರು ನಿಮ್ಮ ಸದಸ್ಯರು.

"ತೋರಿಸ್ತೀನಿ ಸಾರ್. ಅವರ ಅಣ್ಣಂದಿರನ್ನ ನಿಮ್ಮನೇಲಿ ಇಟ್ಕೊಳ್ತೀರಾ?"

ಕಡತದಲ್ಲಿ 'ಉದ್ಧಟ' ಎಂದು ಬರೆದುಕೊಂಡಿರಿ. ಮುಂದಿನ ಎರಡು ಚಿತ್ರಗಳನ್ನು ನೋಡದೆಯೇ ಬೇಡವೆಂದಿರಿ.

ಈಗ ನಿಮ್ಮ ಆಹ್ವಾನದಲ್ಲಿ ಅವನು "ಮುಖ ತೋರಿಸದೆಯೇ ಮನುಷ್ಯರನ್ನು ತೋರಿಸಿದ ಅಪೂರ್ವ ಕಲಾವಿದ, ನಮ್ಮ ನಾಡಿನ ಹೆಮ್ಮೆಯ ಮಗ." ಯಾವ ತಾರೀಕಿನಿಂದ ಅವನು ನಿಮ್ಮ ಮಗನಾದ? ಉಸಿರು ನಿಂತ ದಿನದಿಂದಲೇ? ಪೌರತ್ವಕ್ಕೆ ಇಷ್ಟು ಹತ್ತಿರದ ದಾರಿಯಿದೆಯೆಂದು ನಮಗೆ ಯಾರೂ ಹೇಳಿರಲಿಲ್ಲ.

ಆ ಎರಡನೆಯ ಚಿತ್ರದ ಮೂಲ ಕ್ಯಾಸೆಟ್ ಇನ್ನೂ ನಿಮ್ಮ ಉಗ್ರಾಣದಲ್ಲಿದೆ. ಮೂಲವನ್ನೇ ಕೊಡಬೇಕೆಂಬುದು ನಿಮ್ಮ ನಿಯಮ; ಬೇರೆ ಪ್ರತಿಯಿಲ್ಲ. ಕಳೆದ ವಾರ ಕೇಳಲು ಹೋದೆ.

"ಕೊಟ್ಟವರೇ ಬಂದು ಸಹಿ ಹಾಕ್ಬೇಕಮ್ಮ," ಎಂದರು ಗುಮಾಸ್ತರು.

"ಅವನು ತೀರ್ಕೊಂಡ. ಮುಂದಿನ ತಿಂಗಳು ನೀವೇ ಸಭೆ ಮಾಡ್ತಿದೀರಲ್ಲ?"

"ಅದು ಬೇರೆ ವಿಭಾಗ. ನೀವು ಅಕ್ಕ ಅನ್ನೋದಕ್ಕೆ ಹುಟ್ಟಿದೂರಿನ ದಾಖಲೆ ತನ್ನಿ."

ನಮ್ಮ ಹುಟ್ಟಿದೂರು ಸುಟ್ಟುಹೋಯಿತು, ಸ್ವಾಮಿ. ಬೂದಿಗೆ ಯಾರು ಮೊಹರು ಒತ್ತುತ್ತಾರೆ?

ಆ ಕ್ಯಾಸೆಟ್ಟಿನಲ್ಲಿ ನಾಲ್ಕು ನಿಮಿಷ ನಮ್ಮ ಅಮ್ಮನ ಕೈಗಳಿವೆ. ಹೆಬ್ಬೆರಳಿನ ಮೇಲೆ ಇಸ್ತ್ರಿಪೆಟ್ಟಿಗೆಯ ಸುಟ್ಟ ಗುರುತು. ಸೂಜಿಗೆ ದಾರ ಪೋಣಿಸಲು ಎರಡು ಸಲ ತಪ್ಪುತ್ತಾಳೆ. ಮೂರನೆಯ ಸಲ ಪೋಣಿಸಿ, "ಸಾಕು ಕಣೋ, ಆ ಲೈಟು ಆರ್ಸು, ಕಣ್ಣು ಚುಚ್ತಿದೆ," ಎನ್ನುತ್ತಾಳೆ. ಅಮ್ಮನ ಒಂದು ಫೋಟೋವೂ ನಮ್ಮಲ್ಲಿಲ್ಲ. ಅವಳ ದನಿ ಬೇರೆಲ್ಲೂ ಇಲ್ಲ. ಸಾಯುವ ಮುಂಚೆ ತಮ್ಮ ಕೇಳಿದ್ದು ಒಂದೇ: "ಅಕ್ಕಾ, ಅಮ್ಮನ್ನ ಅಲ್ಲಿಂದ ಬಿಡಿಸ್ಕೊಂಡು ಬಾರೇ."

ನಿಮ್ಮ ಹೊಗಳಿಕೆ ನಿಮ್ಮಲ್ಲೇ ಇರಲಿ. ಆ ಕ್ಯಾಸೆಟ್ಟನ್ನು ನನ್ನ ಕೈಗೆ ಕೊಡಿ.

ವೇದಿಕೆಯಲ್ಲಿಡಲು ಅವನ ಭಾವಚಿತ್ರ ಕೇಳಿದ್ದೀರಿ, "ಮುಖ ಸ್ಪಷ್ಟವಾಗಿರಲಿ" ಎಂದೂ ಸೂಚಿಸಿದ್ದೀರಿ. ಒಂದನ್ನು ಇದರೊಂದಿಗೆ ಇಟ್ಟಿದ್ದೇನೆ. ನಾನೇ ತೆಗೆದದ್ದು. ಬೆನ್ನು ಬಗ್ಗಿಸಿ ಕ್ಯಾಮೆರಾ ಹಿಂದೆ ನಿಂತಿದ್ದಾನೆ, ಕೈಯಲ್ಲಿ ನನ್ನ ಅಳತೆಪಟ್ಟಿ. ಮುಖ ಕಾಣುವುದಿಲ್ಲ. ಅದನ್ನು ನೋಡುವ ಅವಕಾಶ ನಿಮಗೆ ಹದಿನೇಳು ವರ್ಷ ಇತ್ತು.

ಇಂತಿ,
ನಿಮ್ಮ ನಾಡಿನ ಹೆಮ್ಮೆಯ ಮಗನ
ದಾಖಲೆಯಿಲ್ಲದ ಅಕ್ಕ