ಭೋಜ ಮಾಷ್ಟ್ರ ವಿಭಕ್ತಿ ಪಾಠ

ಶಂಕರಪುರ
12-11-2024

ಪ್ರೀತಿಯ ಶಶಿಪ್ರಭಾ,

ನೀನೂ ಮನೆಯವರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಕಾರ್ಕಳದಿಂದ ಬಸ್ಸು ಹಿಡಿದು ನೀನು ಆಸ್ಪತ್ರೆಗೆ ಬಂದು ಹೋದ ಮೇಲೆ ನಾನಾಗಿ ಒಂದು ಸುದ್ದಿಯೂ ತಿಳಿಸಲಿಲ್ಲ. ನೀನು ಫೋನ್ ಮಾಡಿದಾಗಲೆಲ್ಲ "ಹುಷಾರಾಗ್ತಿದ್ದಾರೆ" ಎಂದು ಇಟ್ಟುಬಿಟ್ಟೆ. ಸಿಟ್ಟು ಮಾಡಬೇಡ. ನಮ್ಮ ಯಜಮಾನರು ಯಾವಾಗಲೂ ಪಕ್ಕದಲ್ಲೇ ಇರುತ್ತಾರೆ. ಅವರ ಎದುರಿಗೇ ಅವರ ವಿಷಯ ಮಾತಾಡಲು ನನಗೆ ನಾಲಿಗೆ ಏಳುವುದಿಲ್ಲ. ಅದಕ್ಕೇ ಈ ಕಾಗದ.

ಕಟಪಾಡಿಯಲ್ಲಿ ಸ್ಕೂಟರ್ ಜಾರಿ ಅವರ ತಲೆಗೆ ಆದ ಪೆಟ್ಟನ್ನು ನೀನೇ ನೋಡಿದ್ದಿ. ಗಾಯ ಒಣಗಿದೆ. ನಡೆಯುತ್ತಾರೆ, ಅಂಗಿಯ ಗುಂಡಿ ತಾವೇ ಹಾಕಿಕೊಳ್ಳುತ್ತಾರೆ. ಮಾತು ಮಾತ್ರ ಒಡೆದುಹೋಗಿತ್ತು. ಕಾಪುವಿನ ಹೈಸ್ಕೂಲಿನಲ್ಲಿ ರಿಟೈರ್ ಆಗುವವರೆಗೆ ಇಂಗ್ಲಿಷ್ ಕಲಿಸಿದ ಭೋಜ ಮಾಷ್ಟ್ರು ಹಸಿವಾದರೆ "ಗಂಜಿ... ನಾನು... ತಿನ್ನು" ಎಂದು ನಿಂತುಬಿಡುತ್ತಿದ್ದರು. ಅವರು ಗಂಜಿಯನ್ನು ತಿನ್ನಬೇಕೋ, ಗಂಜಿ ಅವರನ್ನು ತಿನ್ನಬೇಕೋ! ಮೊದಲು ನಗು ಬಂತು, ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆ. ಮನೆಮಾತಾದ ತುಳುವಿನಲ್ಲಿ ಮಾತಾಡಿಸಿದರೆ ಸುಮ್ಮನೆ ಮುಖ ನೋಡುತ್ತಿದ್ದರು.

ಮಣಿಪಾಲದಲ್ಲಿ ಅವರಿಗೆ ಮಾತಿನ ಅಭ್ಯಾಸ ಮಾಡಿಸುವುದು ಡ್ಯಾರಿಲ್ ಎಂಬ ಥೆರಪಿಸ್ಟ್. ಒಂದು ದಿನ ಆತ ಗಂಡಸಿನ ಚಿತ್ರ ತೋರಿಸಿ "ಹಿ" ಎಂದ. ಇವರು ತಟ್ಟನೆ "ಹಿ, ಹಿಮ್, ಹಿಸ್" ಎಂದುಬಿಟ್ಟರು!

"ಆಂಟಿ, ಸರ್‌ಗೆ ಪಾಠ ಎಲ್ಲ ಒಳಗೆ ಉಂಟು. ಅದನ್ನೇ ಹಿಡಿದು ಎಳೆಯುವ. ಮನೆಯಲ್ಲಿ ನೀವು ಶಿಷ್ಯೆ ಆಗಿ."

"ನನಗೆ ಎಂತ ಇಂಗ್ಲಿಷ್ ಬರ್ತದೆ ಮಾರಾಯ್ರೆ?"

"ಬರದಿದ್ರೇ ಒಳ್ಳೇದು. ಅವರು ಕಲಿಸ್ಲಿಕ್ಕೆ ನೋಡ್ತಾರೆ."

ಕಾಲೇಜಿನಲ್ಲಿ ಇಂಗ್ಲಿಷ್ ಪೀರಿಯಡ್ ಬಂದರೆ ನಾವಿಬ್ಬರೂ ಹಿಂದಿನ ಬೆಂಚಿಗೆ ಓಡುತ್ತಿದ್ದದ್ದು ನಿನಗೆ ನೆನಪುಂಟಲ್ಲ. ಈಗ ಈ ವಯಸ್ಸಿನಲ್ಲಿ, ಮಲ್ಲಿಗೆ ಕಟ್ಟುತ್ತಾ ನಾನು "ಐ, ಮಿ, ಮೈ" ಬಾಯಿಪಾಠ ಮಾಡಿದೆ. ಮಾಡುವವನಾದರೆ "ಐ", ಮಾಡಿಸಿಕೊಳ್ಳುವವನಾದರೆ "ಮಿ", ನನ್ನದಾದರೆ "ಮೈ". ಇಷ್ಟು ತಿಳಿಯಲಿಕ್ಕೇ ಒಂದು ವಾರ ಹೋಯಿತು. "ಮಿ ಗೋ ಟು ಉಡುಪಿ" ಎಂದರೆ ಅವರು ಕೈ ಎತ್ತಿ "ನೋ, ನೋ" ಎನ್ನುತ್ತಿದ್ದರು. ಒಮ್ಮೆ ನಕ್ಕೂ ನಕ್ಕರು. ಆ ದಿನ ಪಾಯಸ ಮಾಡಿದೆ.

ನಾಮಪದದ ಕಥೆ ಬೇರೆಯೇ. "ಕನ್ನಡ... ಬಾಲ. ಇಂಗ್ಲಿಷ್... ಜಾಗ" ಎಂದು ಎರಡು ದಿನ ಹೇಳಿದರೂ ನನಗೆ ತಲೆಗೆ ಹೋಗಲಿಲ್ಲ. ಆಗ ಸ್ಲೇಟಿನಲ್ಲಿ "ಕ್ಯಾಟ್" ಬರೆದು, ಆ ಕಡೆಗೆ "ಫಿಶ್" ಬರೆದು, ನಡುವೆ "ಈಟ್ಸ್" ಎಂದು ಬರೆದರು. ಮತ್ತೆ ಒರೆಸಿ ಎರಡನ್ನೂ ಅದಲುಬದಲು ಮಾಡಿದರು. ಫಕ್ಕನೆ ಹೊಳೆಯಿತು. ನಮ್ಮಲ್ಲಿ "ಮೀನನ್ನು ಬೆಕ್ಕು ತಿಂದಿತು" ಎಂದರೂ ಬೆಕ್ಕಿನ ಹೊಟ್ಟೆಯೇ ತುಂಬುತ್ತದೆ, "ಅನ್ನು" ಎಂಬ ಬಾಲ ಕಾಯುತ್ತದೆ. ಇಂಗ್ಲಿಷಿನಲ್ಲಿ ಇಂಥ ಶಬ್ದದ ರೂಪ ಬದಲಾಗುವುದಿಲ್ಲ, ನಿಲ್ಲುವ ಜಾಗವೇ ವಿಭಕ್ತಿ. ಜಾಗ ತಪ್ಪಿದರೆ ಮೀನೇ ಬೆಕ್ಕನ್ನು ನುಂಗುತ್ತದೆ! ಇದನ್ನೆಲ್ಲ ನಾನು ಹೇಳಿದಾಗ ಅವರ ಕಣ್ಣಿನಲ್ಲಿ ಒಂದು ಬೆಳಕು ಬಂತು ಶಶೀ. ಕ್ಲಾಸಿನಲ್ಲಿ ದಡ್ಡಿಯೊಬ್ಬಳು ಸರಿ ಉತ್ತರ ಹೇಳಿದಾಗ ಬರುವ ಬೆಳಕು.

ಹಾಗೆ ದಿನ ಕಳೆದವು. ಎರಡು ಶಬ್ದ ಮೂರಾಯಿತು. ನಿನ್ನೆ ಡ್ಯಾರಿಲ್ ಎದುರಿಗೆ ಒಂದು ಇಡೀ ವಾಕ್ಯ, ಒಂದೂ ತಪ್ಪಿಲ್ಲದೆ ಹೇಳಿದರು. ಆತ ಚಪ್ಪಾಳೆ ತಟ್ಟಿದ. ಕತಾರಿನಲ್ಲಿರುವ ನಮ್ಮ ಅಕ್ಷಿತ್ ಫೋನಿನಲ್ಲೇ ಕುಣಿದ. "ಅಮ್ಮ, ಅಪ್ಪ ವಾಪಸ್ ಬಂದ್ರು ಅಲ್ವಾ!" ಎಂದ. ಹೌದು ಮಗಾ ಎಂದೆ.

ನಿನ್ನ ಮೊಣಕಾಲು ನೋವು ಹೇಗುಂಟು? ಮೆಟ್ಟಿಲು ಹತ್ತಬೇಡ. ನಿನ್ನ ಮಗಳು ಯಶ್ಮಿತಾಳ ಹೆರಿಗೆ ಸುಖವಾಗಿ ಆಗಲಿ, ತಾಯಿ ಮಗು ಇಬ್ಬರೂ ನಗುನಗುತ್ತಾ ಮನೆಗೆ ಬರಲಿ. ನಿನಗೂ ದೇವರು ಆರೋಗ್ಯ ಕೊಡಲಿ.

ನಿನ್ನ
ಗುಣವತಿ

ಮತ್ತೆ: ಆ ವಾಕ್ಯ ಯಾವುದೆಂದು ಅಕ್ಷಿತನಿಗೆ ಹೇಳಿಲ್ಲ. ನಿನಗೆ ಮಾತ್ರ ಹೇಳುತ್ತೇನೆ. ಅವರು ನನ್ನನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಡ್ಯಾರಿಲ್ ಕಡೆ ತಿರುಗಿ, "ಹೂಸ್ ವೈಫ್ ಈಸ್ ಶಿ?" ಎಂದರು. ಇವರು ಯಾರ ಹೆಂಡತಿ ಎಂದು. ಚಪ್ಪಾಳೆ ತಟ್ಟುತ್ತಿದ್ದ ಆ ಹುಡುಗನ ಕೈ ಅರ್ಧಕ್ಕೇ ನಿಂತುಹೋಯಿತು. ಇಷ್ಟು ದಿನ ಅವರು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದ್ದು ಹೆಂಡತಿಗಲ್ಲ, ಯಾರೋ ಒಬ್ಬಳಿಗೆ. ನಾನು "ಯುವರ್ಸ್" ಎಂದೆ. ಅವರು ತಲೆಯಾಡಿಸಿ, ಮೆತ್ತಗೆ, "ಫುಲ್ ಸೆಂಟೆನ್ಸ್" ಎಂದರು. ಎದ್ದು ನಿಂತು ಹೇಳಿದೆ: "ಐ ಆಮ್ ಯುವರ್ ವೈಫ್." ಮದುವೆಯಾದಂದಿನಿಂದ ನನ್ನನ್ನು ಒಮ್ಮೆಯೂ ಬಹುವಚನದಲ್ಲಿ ಮಾತಾಡಿಸಿದವರಲ್ಲ. "ಕರೆಕ್ಟ್," ಎಂದರು, "ಕುಳಿತುಕೊಳ್ಳಿ."

ಕುಳಿತುಕೊಂಡೆ.