ಕಾಕಾನ ಗುಡಿಸಲಿಗೆ ಅಜ್ಜಿಯ ಅಪ್ಪಣೆ

ನನ್ನ ಹಿಮದೂರಿನ ಕಾಕಾ,

ನನ್ನ ಮದುವೆಯಾಯಿತು, ನಾವಿಬ್ಬರೂ ನಿನ್ನ ಕಾಡಿಗೆ ಬರುತ್ತಿದ್ದೇವೆ, ಅಜ್ಜಿ ಕೊನೆಗೂ ಹೂಂ ಅಂದಳು! ಒಂದೊಂದಾಗಿ ಹೇಳಬೇಕೆಂದು ಕೂತಿದ್ದೆ, ಮೂರೂ ಒಂದೇ ಉಸಿರಿಗೆ ಬಂದುಬಿಟ್ಟವು. ಹುಡುಗನ ಹೆಸರು ಸುಜಯ್. ಮೈಸೂರಿನವನು, ಕೊಂಡಾಪುರದಲ್ಲಿ ನನ್ನ ಆಫೀಸಿನ ಎದುರು ಕಟ್ಟಡದಲ್ಲೇ ಕೆಲಸ. ಹೈದರಾಬಾದಿನ ಡಿಸೆಂಬರಿಗೇ ಎರಡು ಸ್ವೆಟರ್ ಹಾಕುವ ಪ್ರಾಣಿ. ಅಂಥವನನ್ನು ಕೆನಡಾದ ಉತ್ತರಕ್ಕೆ ಎಳೆದು ತರುತ್ತಿದ್ದೇನೆ. ನಗಬೇಡ!

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನೀನು ರಜೆಗೆ ಬಂದಿದ್ದು ನೆನಪಿದೆಯಾ? ಪ್ರಾಣಿಹಿಂಸೆಯ ವಿರುದ್ಧ ಇಂಗ್ಲಿಷ್ ಭಾಷಣ ಮಾಡಿ ಸ್ಕೂಲಿನಲ್ಲಿ ಕಪ್ ಗೆದ್ದಿದ್ದೆ. ನೀನು ಊಟಕ್ಕೆ ಕೂತಾಗ ಎದುರು ನಿಂತು ಅದನ್ನೇ ಒಪ್ಪಿಸಿದೆ, ‘ಕೊಲೆಗಾರರೇ’ ಅನ್ನುವಲ್ಲಿ ನಿನ್ನತ್ತಲೇ ಬೆರಳು ತೋರಿಸಿ. ನೀನು ಪೂರ್ತಿ ಕೇಳಿ ಎಡಗೈಯಿಂದ ಮೇಜು ಬಡಿದೆ. “ಭಾಳ ಚಂದ ಮಾತಾಡ್ತೀಯವ್ವಾ. ನಿನ್ನ ಶೂ ಯಾವ ಪ್ರಾಣೀದು?” ಅಂದೆ. ನನಗೆ ಅಳು ಬಂತು. ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ: ವಾರವೆಲ್ಲ ಹಳ್ಳಿಯ ಮಕ್ಕಳಿಗೆ ಗಣಿತ, ಶುಕ್ರವಾರ ಸ್ಕೂಲು ಬಿಟ್ಟ ಕೂಡಲೇ ಅಲ್ಲಿನ ಕ್ರೀ ಬುಡಕಟ್ಟಿನ ಗೆಳೆಯ ಆಲ್ಬರ್ಟ್ ಜೊತೆ ಕಾಡು. ಮೊಲಕ್ಕೆ ತಂತಿಯ ಉರುಲು, ಮಂಜುಗಡ್ಡೆ ಕೊರೆದು ನೀರಿನೊಳಗೆ ಬೀವರ್ ಎಂಬ ನೀರುಪ್ರಾಣಿಗೆ ಬಲೆ. ಮಾಂಸ ಅಡುಗೆಗೆ, ತುಪ್ಪಳ ಮಾರಾಟಕ್ಕೆ, ಮೂಳೆ ನಾಯಿಗಳಿಗೆ. “ಒಂದ ಗೂಡಿನಾಗಿಂದ ಎಲ್ಲಾ ತೆಗಿಯಂಗಿಲ್ಲ. ಬರೂ ವರ್ಷ ನಾವೂ ಇರಬೇಕು, ಅವೂ ಇರಬೇಕು.” ನಾನು ಒಪ್ಪಿದೆನೆಂದಲ್ಲ. ಇವತ್ತಿಗೂ ಪೂರ್ತಿ... ಆದರೆ ಆ ಭಾಷಣವನ್ನು ಮತ್ತೆಂದೂ ಮಾಡಲಿಲ್ಲ.

ಅದೇ ರಜೆಯಲ್ಲಲ್ಲವೇ ಅಜ್ಜಿ ನಿನ್ನ ತುಪ್ಪಳದ ಕೈಗವಸು ತೊಳೆದದ್ದು? ಮೈಲಿಗೆ ಹೋಗಲಿ ಅಂತ ಸೀಗೆಪುಡಿ ಹಾಕಿ ಉಜ್ಜಿ, ತಾರಸಿಯ ಮೇಲೆ ಸಂಡಿಗೆಯಿಂದ ಒಂದು ಮಾರು ದೂರದಲ್ಲಿ ಒಣಹಾಕಿದ್ದಳು. ಸಂಜೆಗೆ ಅವು ಹಪ್ಪಳ. ನೀನು ಬೈಯಲಿಲ್ಲ. ಎಣ್ಣೆ ಸವರಿ, ಕುರ್ಚಿಯ ಬೆನ್ನಿಗೆ ಹಾಕಿ, ಒಂದು ತುದಿ ನೀನು ಒಂದು ತುದಿ ನಾನು ನಾಲ್ಕು ದಿನ ಎಳೆದೆವು. ನಿನ್ನ ಕೆಲಸ ಏನೆಂದು ನನ್ನ ಕೈಗೆ ತಿಳಿದದ್ದು ಆಗ.

ಎರಡು ಚಳಿಗಾಲದ ಹಿಂದೆ ನೀನು ತೀರಿಕೊಂಡೆ. ಆ ಬೇಸಿಗೆಗೆ ಆಲ್ಬರ್ಟ್ ಕಾಗದ ಬಂತು. ಬಲೆ ಹಾಕುತ್ತ ಸಾಗುವ ಕಾಡಿನ ಜಾಡು ಅವರದ್ದು, ಗುಡಿಸಲು ನೀವಿಬ್ಬರೂ ಕಟ್ಟಿದ್ದು. ಅವರ ಮೊಣಕಾಲು ಸೋತಿದೆ, ಇನ್ನು ಜಾಡು ನೋಡಿಕೊಳ್ಳುವವಳು ಮಗಳು. ‘ನಿಮ್ಮವನ ಮನೆ. ನೀವು ಹೇಳದೆ ಅವಳು ಅಲ್ಲಿ ಮಲಗಲಾರಳು. ಬೆಂಕಿ ಕಾಣದ ಗುಡಿಸಲು ಇನ್ನೊಂದು ಚಳಿಗಾಲ ತಾಳುವುದಿಲ್ಲ.’ ಅಜ್ಜಿ ಒಂದೇ ಮಾತಿಗೆ ಮುಗಿಸಿದಳು: “ನನ್ನ ಮಗನ ಮನಿ. ಯಾರೂ ಕಾಲಿಡಬಾರದು.” ಅಪ್ಪ ಆ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಹೋದ ಚಳಿಗಾಲವೆಲ್ಲ ಆ ಹೆಂಗಸು ಕತ್ತಲಾಗುವ ಮೊದಲೇ ಅರ್ಧ ಜಾಡಿನಿಂದ ಹಿಂದಿರುಗಿದ್ದಾಳೆ. ನಾನಾದರೂ ಬರೆಯಬಹುದಿತ್ತು, ಅಲ್ಲವೇ?

ಮದುವೆಯಾದ ನಾಲ್ಕನೇ ದಿನ ಮಿಯಾಪುರದ ಮನೆಯಲ್ಲಿ ಅಜ್ಜಿ ನಿನ್ನ ಕಾಗದಗಳ ಡಬ್ಬಿ ತೆಗೆದಳು. “ಅಳಿಯಾ, ನಿಮ್ಮ ದನಿ ಚಂದ ಐತಿ, ಓದ್ರಿ.” ಅಯ್ಯೋ ಕಾಕಾ, ಒಂದು ಗುಟ್ಟು ನಿನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಅವಳಿಗೆ ಓದಿ ಹೇಳುತ್ತಿದ್ದ ಅಪ್ಪ ಬೇಟೆಯ ಸಾಲು ಬಂದಾಗಲೆಲ್ಲ ಹಾರಿಸುತ್ತಿದ್ದ! ಸುಜಯ್‌ಗೆ ಇದನ್ನು ಹೇಳಲು ನಾವು ಮರೆತಿದ್ದೆವು. ಅವನು ಗಂಟಲು ಸರಿಮಾಡಿಕೊಂಡು ಓದಿಯೇಬಿಟ್ಟ: ‘ಬೀವರ್ ಬಾಲ ಸುಟ್ಟು ತಿಂದೆವು...’ ಅಪ್ಪ ಕೆಮ್ಮಿದ. ನಾನು ಸುಜಯ್ ಕಾಲು ತುಳಿದೆ.

“ಯಾಕೇ ತುಳೀತೀಯ? ಹಾಗೇ ಬರೆದಿದೆ ಕಣೇ!”

“ಓದ್ಲಿ ಬಿಡ,” ಅಂದಳು ಅಜ್ಜಿ. “ನನಗ ಗೊತ್ತಿಲ್ಲೇನು? ಅವನ ಅಂಗಿ ಒಗದಾಕಿ ನಾನು. ಮುಂದ ಓದ್ರಿ.”

ಮುಂದೆ ಇದ್ದದ್ದು ಇದು, ಅಪ್ಪ ಬೀವರ್ ಜೊತೆಗೇ ಹಾರಿಸಿದ್ದು: ‘ಗುಡಿಸಲಿಗೆ ಬೀಗ ಹಾಕುವುದಿಲ್ಲ. ಹೊರಡುವಾಗ ಒಲೆಯ ಪಕ್ಕ ತೆಳ್ಳಗೆ ಸೀಳಿದ ಚಕ್ಕೆ, ಕಡ್ಡಿಪೆಟ್ಟಿಗೆ ಇಟ್ಟು ಬರುತ್ತೇವೆ. ಹಿಮದಲ್ಲಿ ಸಿಕ್ಕಿ ಬಂದವರ ಬೆರಳಿಗೆ ಕೊಡಲಿ ಹಿಡಿಯಲಾಗದು. ಹೋದ ವಾರ ಯಾರೋ ಮಲಗಿ ಹೋಗಿದ್ದರು. ಯಾರೆಂದು ತಿಳಿಯಲಿಲ್ಲ. ಹೋಗುವಾಗ ಅವರೂ ಚಕ್ಕೆ ಸೀಳಿಟ್ಟಿದ್ದರು.’

ಅಜ್ಜಿ ಡಬ್ಬಿಯ ಮುಚ್ಚಳ ಕೆಳಗಿಟ್ಟಳು. “ಬೀಗಾನ ಹಾಕ್ತಿದ್ದಿಲ್ಲೇನು ನನ್ನ ಮಗ?”

“ಇಲ್ಲ ಅಜ್ಜಿ.”

“ಮತ್ತ ನಾ ಇಲ್ಲಿ ಮಿಯಾಪುರದಾಗ ಕುಂತು ಹಾಕೇನಲ್ಲ!” ಸೆರಗಿನಿಂದ ಮೂಗು ಒರೆಸಿಕೊಂಡು ಅಪ್ಪನತ್ತ ತಿರುಗಿದಳು. “ನೀ ಇನ್ನ ಏನೇನು ಹಾರಿಸೀಯೋ, ಎಲ್ಲಾ ಇವತ್ತ ಓದಸ್ತೀನಿ.” ಓದಿಸಿದಳು ಕೂಡ! ಮೂರು ಸಲ ಚಹಾ ಆಯಿತು. ಮೊಲದ ಸಾರಿನ ಕಾಗದಕ್ಕೆ ಮಾತ್ರ ಕಿವಿ ಮುಚ್ಚಿಕೊಂಡಳು.

ಹನಿಮೂನಿಗೆ ನಾವು ಕೇರಳ ಅಂದುಕೊಂಡಿದ್ದೆವು. ಆದರೆ ಇಂಥ ಅಪ್ಪಣೆಯನ್ನು ಅಂಚೆಯಲ್ಲಿ ಕಳಿಸಬಾರದು, ಬಾಗಿಲಲ್ಲಿ ನಿಂತು ಬಾಯಾರೆ ಹೇಳಬೇಕು ಅಂತ ಅಜ್ಜಿಯ ಹಟ. “ಆ ಹೆಣ್ಮಗಳಿಗೆ ಹೇಳು, ಒಲಿ ಹಚ್ಚಿ ಬೆಚ್ಚಗ ಮಲಕೋ ಅಂತ. ಮಾಸ್ತರನ ಅವ್ವ ಹೇಳ್ಯಾಳ ಅನ್ನು.” ಕ್ರೀ ಭಾಷೆಯಲ್ಲಿ ಇದನ್ನು ಹೇಗೆ ಹೇಳುವುದೋ, ಆಲ್ಬರ್ಟ್ ಕಲಿಸುತ್ತಾರಂತೆ. ವೀಸಾ ಬಂದಿದೆ. ಬಲೆ ಹಾಕುವ ಕಾಲ ಶುರುವಾಗುವ ಮೊದಲೇ ಮುಟ್ಟುತ್ತೇವೆ. ಕೈ ತೋರಿಸಿದರಷ್ಟೇ ರೈಲು ನಿಲ್ಲುವ ನಿನ್ನ ಆ ನಿಲ್ದಾಣದ ಹೆಸರು ಹೇಳಿ ಟಿಕೆಟ್ ಮಾಡಿಸಿದ್ದೇವೆ. ಅಕ್ಟೋಬರ್ ಎರಡನೇ ಬುಧವಾರ ಮಧ್ಯಾಹ್ನ, ವಿನ್ನಿಪೆಗ್‌ನಿಂದ ಚರ್ಚಿಲ್‌ಗೆ ಹೋಗುವ ರೈಲಿನಿಂದ ಅಲ್ಲಿ ಇಳಿಯುತ್ತೇವೆ, ಕಾಕಾ.